ಕಾಲುವೆಯ ನೀರು, ಬಾವಿಯ ನೀರು



ಪಾಸ್ಖ ಹಬ್ಬ ಕಳೆದ ಮೇಲೆ ಮನೆಮನೆಗೆ ಹೋಗಿ ತೀರ್ಥ ಪ್ರೋಕ್ಷಿಸಿ ಆಶೀರ್ವದಿಸುವುದು ನಮ್ಮ ವಿಚಾರಣೆಯಲ್ಲಿ ಹಿಂದಿನಿಂದ ಬಂದ ರೂಢಿ. ಈ ಸಲ ಹಾಗೆ ಹೋದಾಗ ಒಂದು ಮನೆಯಲ್ಲಿ ಪ್ರಾರ್ಥನೆ ಮುಗಿಸಿ ಕಾಫಿಗೆಂದು ಕುಳಿತಿದ್ದೆ. ಮನೆಯ ಯಜಮಾನರು ಗೋಡೆಯ ಮೇಲಿದ್ದ ಹೊಸ ಟಿವಿಯನ್ನು ತೋರಿಸಿ, "ಸ್ವಾಮಿ, ಮುಂದಿನ ತಿಂಗಳಿಂದ ಕೇಬಲ್ ತೆಗೆಸಿಬಿಡೋಣ ಅಂತಿದ್ದೀವಿ. ಎಲ್ಲಾನೂ ಇಂಟರ್ನೆಟ್ಟಲ್ಲೇ ಬರುತ್ತಲ್ಲ. ನೀವೇನಂತೀರಿ?" ಎಂದು ಕೇಳಿದರು. ಕಾಲೇಜಿಗೆ ಹೋಗುವ ಮಗಳು ನಾನು ಹೂಂ ಎನ್ನಲಿ ಎಂದು ಕಾದು ನಿಂತಿದ್ದಳು. ಮೂಲೆಯ ಕುರ್ಚಿಯಲ್ಲಿದ್ದ ಅಜ್ಜಿ ಮಾತ್ರ, "ಇಷ್ಟು ವರ್ಷ ಅದಾಗಿ ಅದೇ ಬರ್ತಿತ್ತು, ನೋಡ್ತಿದ್ವಿ. ಇನ್ನು ನಾವೇ ಹುಡುಕ್ಕೋಬೇಕಂತೆ. ನಂಗೆಲ್ಲಿ ಆಗುತ್ತೆ ಸ್ವಾಮಿ?" ಎಂದರು.

ನನಗೆ ಇನ್ನೂ ಹನ್ನೊಂದು ಮನೆ ಬಾಕಿಯಿತ್ತು. "ಒಳ್ಳೇದೇ, ಹಾಕಿಸಿಕೊಳ್ಳಿ" ಎಂದು ಲೋಟ ಕೆಳಗಿಟ್ಟು ಎದ್ದುಬಂದೆ. ಆದರೆ ಅಜ್ಜಿಯ ಮಾತು ನನ್ನನ್ನು ಬಿಡಲಿಲ್ಲ. ಅದಾಗಿ ಅದೇ ಬರುವುದಕ್ಕೂ ನಾವೇ ಹುಡುಕಿ ತರುವುದಕ್ಕೂ ಏನು ವ್ಯತ್ಯಾಸ? ಸೆಮಿನರಿಯಲ್ಲಿ ದಪ್ಪ ದಪ್ಪ ಪುಸ್ತಕ ಹಿಡಿದು ನಾವು ಇಚ್ಛಾಸ್ವಾತಂತ್ರ್ಯ ಎಂಬ ವಿಷಯವನ್ನು ವರ್ಷಗಟ್ಟಲೆ ಓದಿದ್ದೆವು. ಆ ತಾಯಿ ಅದೇ ಪ್ರಶ್ನೆಯನ್ನು ಒಂದೇ ಉಸಿರಿನಲ್ಲಿ ಕೇಳಿಬಿಟ್ಟಿದ್ದರು. ಅಂದು ಕೊಡಬೇಕಾಗಿದ್ದ ಉತ್ತರವನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಹಳೆಯ ಕಥೆ ಸ್ವಲ್ಪ. ನಮ್ಮ ದೇಶದಲ್ಲಿ ಟೆಲಿವಿಷನ್ ಪ್ರಸಾರ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ಬಣ್ಣ ಬಂದದ್ದು 1982ರಲ್ಲಿ. ಅಲ್ಲಿಯವರೆಗೂ, ಅನಂತರವೂ ಹಲವು ವರ್ಷ, ಇದ್ದದ್ದು ದೂರದರ್ಶನ ಒಂದೇ. 1991ರಲ್ಲಿ ಸ್ಟಾರ್ ಟಿವಿ, ಮರುವರ್ಷ ಜೀ ಟಿವಿ, 1994ರಲ್ಲಿ ನಮ್ಮ ಕನ್ನಡದ ಉದಯ ಟಿವಿ ಬಂದವು. ನಾನಾಗ ಪ್ರೌಢಶಾಲೆಯ ಹುಡುಗ. ಊರಿನ ಒಬ್ಬರು ತಮ್ಮ ತಾರಸಿಯ ಮೇಲೆ ದೊಡ್ಡ ಡಿಶ್ ನಿಲ್ಲಿಸಿ, ಅಲ್ಲಿಂದ ತೆಂಗಿನ ಮರ, ವಿದ್ಯುತ್ ಕಂಬ, ಹೆಂಚಿನ ಮಾಡು ಎನ್ನದೆ ಕರಿ ತಂತಿ ಎಳೆದು ಮನೆಮನೆಗೆ ಕೊಟ್ಟರು. ಸರ್ಕಾರ ಈ ತಂತಿಗಳಿಗೆಂದೇ 1995ರಲ್ಲಿ ಒಂದು ಕಾನೂನು ಮಾಡುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಕಾಗೆ ಕೂರಲೂ ಜಾಗವಿಲ್ಲದಷ್ಟು ತಂತಿ ತುಂಬಿತ್ತು.

ಆ ತಂತಿಯೊಳಗೆ ಏನು ಹರಿಯುತ್ತಿತ್ತು ಎಂಬುದನ್ನು ಗಮನಿಸಬೇಕು. ನೀವು ಟಿವಿ ಹಾಕಿರಲಿ, ಆರಿಸಿರಲಿ, ಎಲ್ಲ ಚಾನೆಲ್‌ಗಳೂ ಏಕಕಾಲದಲ್ಲಿ ನಿಮ್ಮ ಗೋಡೆಯವರೆಗೆ ಬಂದು ನಿಂತಿರುತ್ತಿದ್ದವು. ಭಕ್ತಿಗೀತೆ, ಸುದ್ದಿ, ಕುಣಿತ, ಕೊಲೆ ಎಲ್ಲವೂ ಒಟ್ಟಿಗೇ ಹರಿಯುತ್ತಿದ್ದವು. ರಿಮೋಟ್ ಹಿಡಿದ ನಾವು ಮಾಡುತ್ತಿದ್ದುದು ಬಂದದ್ದರಲ್ಲಿ ಒಂದನ್ನು ನೋಡಿ ಉಳಿದದ್ದನ್ನು ಬಿಡುವುದಷ್ಟೇ. ಮುಂದೆ ಸೆಟ್‌ಟಾಪ್ ಬಾಕ್ಸ್ ಬಂದ ಮೇಲೂ ಹರಿಯುವ ಕ್ರಮ ಬದಲಾಗಲಿಲ್ಲ, ನಾವು ಹಣ ಕೊಡದ ಚಾನೆಲ್‌ಗೆ ಪೆಟ್ಟಿಗೆ ಬೀಗ ಹಾಕುತ್ತಿತ್ತು, ಅಷ್ಟೇ. ಇಂಟರ್ನೆಟ್ಟಿನ ಟಿವಿ ಇದಕ್ಕೆ ತದ್ವಿರುದ್ಧ. ಅಲ್ಲಿ ನೀವು ಕೇಳುವವರೆಗೆ ಏನೂ ಹೊರಡುವುದಿಲ್ಲ. ನೀವು ಗುಂಡಿ ಒತ್ತಿದಾಗ ಎಲ್ಲೋ ಇರುವ ಗಣಕಯಂತ್ರಕ್ಕೆ ನಿಮ್ಮ ಮನೆಯಿಂದ ಒಂದು ಕೋರಿಕೆ ಹೋಗುತ್ತದೆ. ನೀವು ಕೇಳಿದ ಆ ಒಂದು ಕಾರ್ಯಕ್ರಮ ಸಣ್ಣ ಸಣ್ಣ ತುಣುಕುಗಳಾಗಿ ಹೊರಟು ನಿಮ್ಮ ಮನೆಯ ವಿಳಾಸಕ್ಕೆ ಬಂದು ಸೇರುತ್ತದೆ.

ನಮ್ಮ ಕಡೆ ನಾಲೆಯ ನೀರಿನಲ್ಲಿ ಬೇಸಾಯ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕೇಬಲ್ ಎಂಬುದು ಕಾಲುವೆಯ ನೀರು. ಮೇಲಿನವರು ಬಿಟ್ಟಾಗ ಬರುತ್ತದೆ, ಬಿಟ್ಟಷ್ಟು ಬರುತ್ತದೆ, ಅದರೊಂದಿಗೆ ಕಸಕಡ್ಡಿಯೂ ತೇಲಿಬರುತ್ತದೆ. ಇಂಟರ್ನೆಟ್ ಟಿವಿ ಬಾವಿಯ ನೀರು. ಬಿಂದಿಗೆ ಇಳಿಸಿ ಸೇದಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇದರಿಂದ ಬರುವ ಅನುಕೂಲಗಳನ್ನು ಧರ್ಮಗುರುವಾದವನು ಹುಬ್ಬು ಗಂಟಿಕ್ಕಿಕೊಂಡು ಹೇಳಬೇಕಾಗಿಲ್ಲ. ಅನುಕೂಲಗಳು ನಿಜವಾದವೇ. ಕೇಬಲ್ ಚಾನೆಲ್‌ಗಳಲ್ಲಿ ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಹಾಕಬಹುದೆಂದು ನಿಯಮವೇ ಇದೆ. ಒಂದು ಸಂಜೆ ಐದು ಗಂಟೆ ನೋಡುವ ಮನೆಯಲ್ಲಿ ಒಂದು ಇಡೀ ಗಂಟೆ ಸೋಪು, ಬಂಗಾರ, ಬೆಳ್ಳಗಾಗುವ ಮುಲಾಮುಗಳ ಉಪದೇಶಕ್ಕೇ ಹೋಗಬಹುದು. ನಮ್ಮ ಪೂಜೆಯ ಪ್ರಸಂಗ 12 ನಿಮಿಷ ದಾಟಿದರೆ ಗಡಿಯಾರ ನೋಡುವವರು ಇದನ್ನು ಹೇಗೆ ಸಹಿಸುತ್ತಾರೋ ನಾನರಿಯೆ! ಇಂಟರ್ನೆಟ್ ಟಿವಿಯಲ್ಲಿ ಸ್ವಲ್ಪ ಹೆಚ್ಚು ಚಂದಾ ಕೊಟ್ಟರೆ ಅನೇಕ ಕಡೆ ಈ ಕಾಟವಿಲ್ಲ. ಕಡಿಮೆ ಚಂದಾದವರಿಗೆ ಅಲ್ಲೂ ಜಾಹೀರಾತು ತಪ್ಪಿದ್ದಲ್ಲ ಎನ್ನಿ.

ಕಿವಿ ಮಂದವಾದವರಿಗೆ ಅನೇಕ ಕಾರ್ಯಕ್ರಮಗಳಲ್ಲಿ ಮಾತುಗಳು ಅಕ್ಷರವಾಗಿ ಕೆಳಗೆ ಮೂಡುತ್ತವೆ. ಕೊಂಕಣಿಯೋ ತಮಿಳೋ ಮನೆಮಾತಾಗಿರುವ ನಮ್ಮವರಿಗೆ ತಮ್ಮ ಊರಿನ ಕೇಬಲ್‌ನವರು ಕೊಡದಿದ್ದ ಭಾಷೆಯೂ ಸಿಗುತ್ತದೆ. ಮಕ್ಕಳಿರುವ ಮನೆಗೆ ಇನ್ನೊಂದು ಅನುಕೂಲವಿದೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಈ ಸಂಸ್ಥೆಗಳು ತಮ್ಮ ಕಾರ್ಯಕ್ರಮಗಳನ್ನು ಎಲ್ಲರಿಗೂ, 7 ವರ್ಷ ಮೇಲ್ಪಟ್ಟವರಿಗೆ, 13 ಮೇಲ್ಪಟ್ಟವರಿಗೆ, 16 ಮೇಲ್ಪಟ್ಟವರಿಗೆ, ವಯಸ್ಕರಿಗೆ ಎಂದು ವಿಂಗಡಿಸಬೇಕು. 13 ಮತ್ತು ಅದಕ್ಕಿಂತ ಮೇಲಿನ ವರ್ಗದವುಗಳಿಗೆ ತಂದೆತಾಯಿಗಳು ಬೀಗ ಹಾಕಲು ಅನುಕೂಲ ಮಾಡಿಕೊಡಬೇಕು. ಕರಿ ತಂತಿಯ ಕಾಲದಲ್ಲಿ ಅಪ್ಪ ಅಮ್ಮನ ಬಳಿ ಇದ್ದ ಬೀಗವೆಂದರೆ ರಿಮೋಟ್ ಮೇಲೆ ಕುಳಿತುಕೊಳ್ಳುವುದು ಮಾತ್ರ. ಆದರೆ ಒಂದು ಮಾತು. ನಾನು ವಿಚಾರಿಸಿದ ಮೂರು ನಾಲ್ಕು ಮನೆಗಳಲ್ಲಿ ಆ ಬೀಗದ ಗುಪ್ತಸಂಖ್ಯೆಯನ್ನು ಅಪ್ಪನಿಗೆ ಹಾಕಿಕೊಟ್ಟವನು ಮಗನೇ ಆಗಿದ್ದ!

ಹಾಸಿಗೆ ಹಿಡಿದವರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಅಸ್ಸೀಸಿಯ ಸಂತ ಕ್ಲಾರಾ ಒಂದು ಕ್ರಿಸ್ಮಸ್ ರಾತ್ರಿ ಕಾಯಿಲೆಯಿಂದ ಎದ್ದು ಬಲಿಪೂಜೆಗೆ ಹೋಗಲಾರದೆ ಮಲಗಿದ್ದಾಗ, ದೂರದ ದೇವಾಲಯದಲ್ಲಿ ನಡೆಯುತ್ತಿದ್ದ ಪೂಜೆ ಆಕೆಗೆ ಮಲಗಿದ್ದಲ್ಲಿಂದಲೇ ಕಂಡು ಕೇಳಿಸಿತೆಂದು ಪರಂಪರೆ ಹೇಳುತ್ತದೆ. ಜಗದ್ಗುರು ಹನ್ನೆರಡನೇ ಪಿಯುಸ್ ಅವರು 1950ರ ದಶಕದಲ್ಲಿ ಆಕೆಯನ್ನು ಟೆಲಿವಿಷನ್ನಿನ ಪಾಲಕ ಸಂತಳೆಂದು ಸಾರಿದ್ದು ಈ ಕಾರಣಕ್ಕೇ. 2020ರ ಮಾರ್ಚ್ 27ರ ಸಂಜೆ ಮಳೆಯಲ್ಲಿ ತೊಯ್ದ ಖಾಲಿ ಚೌಕದಲ್ಲಿ ಜಗದ್ಗುರು ಫ್ರಾನ್ಸಿಸ್ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ನಮ್ಮ ವಿಚಾರಣೆಯ ವೃದ್ಧೆಯರು ಮೊಮ್ಮಕ್ಕಳ ಫೋನಿನಲ್ಲಿ ನೋಡಿ ಕಣ್ಣೊರೆಸಿಕೊಂಡರು. ಕೇಬಲ್‌ನಲ್ಲಿ ಆಗಿದ್ದರೆ ಯಾವುದಾದರೂ ಚಾನೆಲ್ ದಯೆತೋರಿ ಹಾಕಬೇಕಾಗಿತ್ತು. (ಎರಡು ಕಾಲೂ ಗಟ್ಟಿಯಿದ್ದು ದೇವಾಲಯಕ್ಕೆ ಐದು ನಿಮಿಷದ ದಾರಿಯಲ್ಲಿರುವವರು ಭಾನುವಾರ ಸಂತ ಕ್ಲಾರಾಳ ಹೆಸರು ಹೇಳಿಕೊಂಡು ಸೋಫಾದಲ್ಲಿ ಕೂರಬಾರದು. ಯಾರನ್ನು ಕುರಿತು ಹೇಳಿದೆನೆಂದು ಅವರಿಗೇ ಗೊತ್ತು.)

ಹಣದ ಲೆಕ್ಕದಲ್ಲಿ ಮಾತ್ರ ನನಗೆ ಅಷ್ಟು ಉತ್ಸಾಹವಿಲ್ಲ. 2019ರ ಫೆಬ್ರವರಿಯಲ್ಲಿ ಹೊಸ ಕೇಬಲ್ ದರ ಪದ್ಧತಿ ಬಂದಾಗ, ತೆರಿಗೆ ಬಿಟ್ಟು 130 ರೂಪಾಯಿಗೆ 100 ಚಾನೆಲ್ ಸಾಗಿಸುವ ಶುಲ್ಕ, ಅದರ ಮೇಲೆ ಹಣ ಕೊಡಬೇಕಾದ ಚಾನೆಲ್‌ಗಳನ್ನು ಬೇಕಾದಷ್ಟೇ ಆರಿಸಿಕೊಳ್ಳಿ ಎಂದರು. ಆಗಲೂ ಆಯ್ಕೆಯ ಅವಕಾಶ ಕೊಟ್ಟಿದ್ದರು! ನಮ್ಮಲ್ಲಿ ಎಷ್ಟು ಜನ ಪಟ್ಟಿ ಹಿಡಿದು ಕುಳಿತು ಆರಿಸಿದೆವು? ಕೇಬಲ್‌ನವರು ಹೇಳಿದ ಕಟ್ಟನ್ನೇ ಒಪ್ಪಿಕೊಂಡೆವು. ಈಗ ಇಂಟರ್ನೆಟ್ಟಿಗೆ ಒಂದು ಬಿಲ್ಲು, ಧಾರಾವಾಹಿಗೆ ಒಂದು ಚಂದಾ, ಕ್ರಿಕೆಟ್ಟಿಗೆ ಇನ್ನೊಂದು, ಮಗಳ ಸಿನಿಮಾಕ್ಕೆ ಮತ್ತೊಂದು. ಎಲ್ಲ ಕೂಡಿಸಿದರೆ ಕೇಬಲ್‌ನವನೇ ವಾಸಿಯಾಗಿದ್ದ ಎನ್ನುವ ಮನೆಗಳೂ ಇವೆ. ಒಮ್ಮೆ ಕೊಟ್ಟ ಒಪ್ಪಿಗೆಯ ಮೇಲೆ ಚಂದಾ ತಾನಾಗಿಯೇ ಬ್ಯಾಂಕಿನಿಂದ ಕಡಿತವಾಗುತ್ತಾ ಹೋಗುವುದು ಬೇರೆ. ತಿಂಗಳಿಗೊಮ್ಮೆ ಒಂದು ಕಾಗದದ ಮೇಲೆ ಬರೆದು ಕೂಡಿಸಿ ನೋಡಿ.

ಆ ಕೇಬಲ್‌ನವನ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ನಾನು ಹಿಂದೆ ಇದ್ದ ಊರಿನಲ್ಲಿ ಅವನು ನಮ್ಮವನೇ. ತಿಂಗಳ ಮೊದಲ ವಾರ ಚಿಕ್ಕ ಪುಸ್ತಕ ಹಿಡಿದು ಬರುತ್ತಿದ್ದ. ಹಣ ಇಲ್ಲವೆಂದ ವಿಧವೆಯ ಮನೆಯ ತಂತಿಯನ್ನು ಆರು ತಿಂಗಳು ಕತ್ತರಿಸಿರಲಿಲ್ಲ. ಮಳೆಗಾಲದ ರಾತ್ರಿ ಮರ ಬಿದ್ದರೆ ಏಣಿ ಹೊತ್ತು ಹೋಗುತ್ತಿದ್ದ. ಈಗ ನಿಮ್ಮ ಚಂದಾ ಒಂದು ದಿನ ತಡವಾದರೆ ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ. ಅದರೊಂದಿಗೆ ಕಷ್ಟಸುಖ ಮಾತನಾಡಲಾಗದು. ಅನೇಕ ಕೇಬಲ್‌ನವರು ಈಗ ತಾವೇ ಇಂಟರ್ನೆಟ್ ತಂತಿಯನ್ನೂ ಕೊಡುತ್ತಿದ್ದಾರೆ. ಬದಲಾಯಿಸುವವರು ಮೊದಲು ಅವರನ್ನೇ ಒಂದು ಮಾತು ಕೇಳುವುದು ನ್ಯಾಯವೆಂದು ನನ್ನ ಅನಿಸಿಕೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಇಂಟರ್ನೆಟ್ ಟಿವಿಯ ಅತಿ ದೊಡ್ಡ ಲಾಭ ಜಾಹೀರಾತು ಇಲ್ಲದಿರುವುದೂ ಅಲ್ಲ, ಬೇಕಾದ ಭಾಷೆ ಸಿಗುವುದೂ ಅಲ್ಲ. ಅದು ನಮ್ಮ ನೆಪವನ್ನು ಕಿತ್ತುಕೊಂಡಿದೆ, ಅದೇ ದೊಡ್ಡ ಲಾಭ.

ಎಷ್ಟೋ ವರ್ಷ ನಾವು ಹೇಳುತ್ತಾ ಬಂದದ್ದೇನು? "ಅವರು ಹಾಕ್ತಾರೆ, ನಾವು ನೋಡ್ತೀವಿ." "ಬೇರೆ ಏನೂ ಬರಲ್ವಲ್ಲ." ಸಂಜೆ ಜಪಸರ ಪ್ರಾರ್ಥನೆ ನಿಂತುಹೋದದ್ದು ಏಕೆಂದು ಕೇಳಿದರೆ, "ಏನ್ ಮಾಡೋದು ಸ್ವಾಮಿ, ಏಳೂವರೆಗೆ ಸರಿಯಾಗಿ ಧಾರಾವಾಹಿ ಶುರು. ಆ ಟೈಮು ಬಿಟ್ಟರೆ ಮತ್ತೆ ಸಿಗಲ್ಲ." ಈ ಉತ್ತರದಲ್ಲಿ ಸ್ವಲ್ಪ ಸತ್ಯವೂ ಇತ್ತೆಂದು ನಾನು ಒಪ್ಪುತ್ತೇನೆ. ಕಾಲುವೆಗೆ ನೀರು ಬಿಡುವ ಹೊತ್ತು ರೈತನ ಕೈಯಲ್ಲಿಲ್ಲ. ಬಿಟ್ಟಾಗ ಗದ್ದೆಗೆ ಹಾಯಿಸಿಕೊಳ್ಳದಿದ್ದರೆ ಹೋಯಿತು. ಈಗ ಹಾಗಿಲ್ಲ. ಧಾರಾವಾಹಿ ನಮ್ಮ ಅಪ್ಪಣೆಗಾಗಿ ಕಾದು ನಿಲ್ಲುತ್ತದೆ. ಒಂದು ಗುಂಡಿ ಒತ್ತಿದರೆ ನಾಯಕಿಯ ಕಣ್ಣೀರು ಅರ್ಧ ಕೆನ್ನೆಯಲ್ಲೇ ನಿಲ್ಲುತ್ತದೆ. ಮಗ ಕೆಲಸದಿಂದ ಬಂದು ಮಾತನಾಡಬೇಕೆಂದರೆ ನಿಲ್ಲಿಸಬಹುದು, ನೆರೆಯವರು ಬಂದರೆ ನಿಲ್ಲಿಸಬಹುದು, ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರಬೇಕೆಂದರೆ ನಿಲ್ಲಿಸಬಹುದು. ನಿಲ್ಲಿಸದಿದ್ದರೆ? ಆಗ ಮಗನಿಗಿಂತ, ನೆರೆಯವರಿಗಿಂತ, ಊಟಕ್ಕಿಂತ ಇದೇ ಹೆಚ್ಚೆಂದು ನಾವೇ ಆರಿಸಿದ ಹಾಗಾಯಿತು.

ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಸಂಪರ್ಕ ಮಾಧ್ಯಮಗಳ ಕುರಿತು ಒಂದು ಆದೇಶಪತ್ರ ಹೊರಡಿಸಿತು. ಮಾಡುವವರ ಕರ್ತವ್ಯ ಹೇಳುವುದಕ್ಕೆ ಮುಂಚೆಯೇ ಅದು ನೋಡುವವರ, ಕೇಳುವವರ, ಓದುವವರ ಕರ್ತವ್ಯವನ್ನು ಹೇಳುತ್ತದೆ. ಸ್ವಂತ ಇಚ್ಛೆಯಿಂದ ಆರಿಸಿ ಪಡೆಯುವವರು ಎಂದೇ ಅವರನ್ನು ಕರೆಯುತ್ತದೆ. ನಮ್ಮ ದೇಶದಲ್ಲಿ ಆ ವರ್ಷ ಆರಿಸುವುದಕ್ಕೆ ಏನಿತ್ತು? ಟಿವಿಯೇ ದೆಹಲಿ ಬಿಟ್ಟು ಹೊರಬಂದಿರಲಿಲ್ಲ. ಸೆಮಿನರಿಯಲ್ಲಿ ಅದನ್ನು ಓದಿದಾಗ ನನಗೆ ಆ ಮಾತು ನಮಗೆ ಸಂಬಂಧಪಡದ್ದು ಎನಿಸಿತ್ತು. ಅರುವತ್ತಕ್ಕೂ ಹೆಚ್ಚು ವರ್ಷಗಳ ನಂತರ ಅದು ನಮ್ಮ ಹಜಾರದಲ್ಲಿ ಅಕ್ಷರಶಃ ನಿಜವಾಗಿದೆ.

ಇಲ್ಲಿ ಜಾಣ ವಾಚಕರೊಬ್ಬರು ನನ್ನನ್ನು ತಡೆಯಬಹುದು. "ಸ್ವಾಮಿ, ಬಾವಿಯ ನೀರು ಎಂದಿರಿ. ಆದರೆ ಈ ಬಾವಿಗೆ ಮೋಟಾರು ಕೂರಿಸಿದ್ದಾರೆ. ಒಂದು ಕಂತು ಮುಗಿದ ಕೆಲವೇ ಕ್ಷಣದಲ್ಲಿ ಮುಂದಿನದು ತಾನೇ ಶುರುವಾಗುತ್ತದೆ. ಇದನ್ನು ನೋಡಿದಿರಲ್ಲ, ಅದನ್ನೂ ನೋಡಿ ಎಂದು ಸಾಲು ಸಾಲಾಗಿ ಮುಂದೊಡ್ಡುತ್ತದೆ. ಆರಿಸುತ್ತಿರುವುದು ನಾವೋ ಅದೋ?" ಎಂದು. ಪ್ರಶ್ನೆ ಸರಿಯಾಗಿದೆ. ಕೇಬಲ್ ಧಾರಾವಾಹಿ ದಿನಕ್ಕೆ ಅರ್ಧ ಗಂಟೆ ಕೊಟ್ಟು, ಉಳಿದದ್ದು ನಾಳೆ ಎಂದು ಕಳಿಸುತ್ತಿತ್ತು. ನಮ್ಮ ಮಿತವನ್ನು ವೇಳಾಪಟ್ಟಿಯೇ ಕಾಯುತ್ತಿತ್ತು. ಅದು ನಮ್ಮ ಸದ್ಗುಣವೆಂದು ನಾವು ಭ್ರಮಿಸಿದ್ದೆವು. ವೇಳಾಪಟ್ಟಿ ಹೋದ ಮೇಲೆ ನಮ್ಮಲ್ಲಿ ಮಿತ ಎಷ್ಟಿತ್ತೆಂದು ತಿಳಿಯಿತು. ಹಿಂದೆ ನೋಡುವುದಕ್ಕೆ ಗುಂಡಿ ಒತ್ತಬೇಕಾಗಿತ್ತು, ಈಗ ನಿಲ್ಲಿಸುವುದಕ್ಕೆ ಒತ್ತಬೇಕಾಗಿದೆ. ಈ ಕಂಪನಿಗಳಲ್ಲಿ ದೊಡ್ಡದಾದ ನೆಟ್‌ಫ್ಲಿಕ್ಸ್‌ನ ಅಂದಿನ ಮುಖ್ಯಸ್ಥರು, ನಮ್ಮ ಪೈಪೋಟಿ ಜನರ ನಿದ್ರೆಯೊಂದಿಗೆ ಎಂಬ ಅರ್ಥದ ಮಾತನ್ನು 2017ರಲ್ಲಿ ಬಹಿರಂಗವಾಗಿಯೇ ಆಡಿದ್ದರು. ಕಳ್ಳನೇ ಬಂದು ಯಾವ ಕಿಟಕಿಯಿಂದ ಬರುತ್ತೇನೆಂದು ಹೇಳಿಹೋದ ಹಾಗೆ!

ಸಂತ ಅಗಸ್ಟೀನರು ತಮ್ಮ ನಿವೇದನೆಯ ಗ್ರಂಥದಲ್ಲಿ ಗೆಳೆಯ ಅಲಿಪಿಯುಸ್‌ನ ಕಥೆಯನ್ನು ಹೇಳುತ್ತಾರೆ. ರೋಮ್ ನಗರದಲ್ಲಿ ಆಗ ಕತ್ತಿಮಲ್ಲರ ಕಾಳಗ ನೋಡುವುದು ಜನರಿಗೆ ಹುಚ್ಚು. ಅಲಿಪಿಯುಸ್‌ಗೆ ಅದೆಂದರೆ ಅಸಹ್ಯ. ಸ್ನೇಹಿತರು ಬಲವಂತವಾಗಿ ಎಳೆದುಕೊಂಡು ಹೋದಾಗ, ದೇಹವನ್ನು ಕೂರಿಸಬಹುದು, ನನ್ನ ಕಣ್ಣನ್ನಲ್ಲ ಎಂದು ರೆಪ್ಪೆ ಮುಚ್ಚಿ ಕುಳಿತ. ಆದರೆ ಕಿವಿ ಮುಚ್ಚಲಿಲ್ಲ. ಒಬ್ಬ ಬಿದ್ದಾಗ ಇಡೀ ಜನಸ್ತೋಮ ಬೊಬ್ಬಿರಿಯಿತು. ಏನಾದರೂ ಆಗಿರಲಿ, ನೋಡಿದರೂ ಗೆಲ್ಲುತ್ತೇನೆ ಎಂದು ಕಣ್ಣು ತೆರೆದ. ಮತ್ತೆ ಮುಚ್ಚಲಾಗಲಿಲ್ಲ. ಹೋಗುವಾಗ ಬಂದ ಮನುಷ್ಯ ಅವನಾಗಿರಲಿಲ್ಲ, ಮುಂದೆ ಬೇರೆಯವರನ್ನು ಎಳೆದುಕೊಂಡು ಹೋಗುವವನಾದ. ಅಲಿಪಿಯುಸ್ ದುಷ್ಟನಲ್ಲ, ಮುಂದೆ ಬಿಷಪರಾದವನು. ಅವನ ತಪ್ಪು ಒಂದೇ: ತನ್ನ ಬಲವನ್ನು ಹೆಚ್ಚಾಗಿ ನಂಬಿದ್ದು. ಆರಿಸುವ ಹೊತ್ತು ಕಣ್ಣು ತೆರೆಯುವಾಗ ಇರಲಿಲ್ಲ, ಗೆಳೆಯರು ಬಾಗಿಲಿಗೆ ಬಂದಾಗಲೇ ಇತ್ತು.

ಬೇರೆಯವರ ಕಥೆ ಹೇಳಿದವನು ನನ್ನದನ್ನೂ ಹೇಳಬೇಕು. ಇದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ.

ಕೆಲವು ವರ್ಷಗಳ ಹಿಂದೆ, ಬೇರೊಂದು ವಿಚಾರಣೆಯಲ್ಲಿದ್ದಾಗ, ದಿನದ ಕೆಲಸವೆಲ್ಲ ಮುಗಿಸಿ ರಾತ್ರಿ ಗುರುಮನೆಯಲ್ಲಿ ಒಬ್ಬನೇ ಕುಳಿತು ಒಂದು ಪತ್ತೇದಾರಿ ಸರಣಿ ನೋಡುತ್ತಿದ್ದೆ. ಅದರಲ್ಲಿ ಪಾಪವೇನಿಲ್ಲ. ಸದಾ ಹೆದೆಯೇರಿಸಿದ ಬಿಲ್ಲು ಮುರಿಯುತ್ತದೆ, ಮನಸ್ಸಿಗೂ ಬಿಡುವು ಬೇಕು ಎಂಬ ಹಳೆಯ ದೃಷ್ಟಾಂತವನ್ನು ಸಂತ ತೋಮಸ್ ಅಕ್ವಿನಾಸರೇ ಎತ್ತಿ ಹೇಳಿದ್ದಾರೆ. ಹನ್ನೊಂದು ಮುಕ್ಕಾಲರ ಸುಮಾರಿಗೆ ಫೋನು ಮಿಣುಗಿತು. ಗೊತ್ತಿಲ್ಲದ ನಂಬರು. ಕಂತಿನಲ್ಲಿ ಇನ್ನು ಹತ್ತು ನಿಮಿಷ ಉಳಿದಿತ್ತು, ಮುಗಿಸಿ ಮಾಡೋಣವೆಂದುಕೊಂಡೆ. ಮುಗಿಯಿತು. ಮುಂದಿನದು ತಾನಾಗಿಯೇ ಶುರುವಾಯಿತು. ನಾನು ಅದನ್ನು ನಿಲ್ಲಿಸಲಿಲ್ಲ, ಫೋನನ್ನು ಮರೆತೆನೆಂದೂ ಹೇಳಲಾರೆ. ಒಂದು ಗಂಟೆ ಹೊಡೆದ ಮೇಲೆ ಕರೆ ಮಾಡಿದೆ. ದೂರದ ಉಪಕೇಂದ್ರದ ಒಂದು ಮನೆ. ತಂದೆಯವರಿಗೆ ವಿಪರೀತವಾಗಿತ್ತು, ಅಭ್ಯಂಗಕ್ಕೆ ಸ್ವಾಮಿಗಳನ್ನು ಕರೆಯಬೇಕೆಂದು ಮಗ ಪಕ್ಕದ ಮನೆಯವರ ಫೋನಿನಿಂದ ಪ್ರಯತ್ನಿಸಿದ್ದ. ಅರ್ಧ ಗಂಟೆಯ ಹಿಂದೆ ಅವರು ತೀರಿಕೊಂಡಿದ್ದರು.

"ಪರವಾಗಿಲ್ಲ ಸ್ವಾಮಿ, ನೀವು ಮಲಗಿರ್ತೀರಿ ಅಂತ ಅಂದುಕೊಂಡ್ವಿ" ಎಂದ ಆ ಮಗ. ನಾನು ಆ ರಾತ್ರಿಯೇ ಹೋದೆ, ಪ್ರಾರ್ಥಿಸಿದೆ, ಮರುದಿನ ಸಮಾಧಿ ಮಾಡಿದೆ. ನಾನು ಮಲಗಿರಲಿಲ್ಲವೆಂದು ಅವನಿಗೆ ಹೇಳುವ ಧೈರ್ಯ ಆ ದಿನ ಬರಲಿಲ್ಲ. ತಿಂಗಳ ನಂತರ ಹೋಗಿ ಹೇಳಿದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಒಳಗೆ ಹೋಗಿ ನನಗೆ ಕುಡಿಯಲು ನೀರು ತಂದುಕೊಟ್ಟ.

ದೇವರ ಕರುಣೆ ನನ್ನ ಫೋನಿಗೆ ಕಟ್ಟುಬಿದ್ದಿಲ್ಲ, ಆ ಹಿರಿಯರನ್ನು ಕುರಿತು ನನಗೆ ಭಯವಿಲ್ಲ. ನನ್ನನ್ನು ಕಾಡುವುದು ಬೇರೆ. ಅದು ಕೇಬಲ್ ಆಗಿದ್ದರೆ, ಆ ಹತ್ತು ನಿಮಿಷ ಬಿಟ್ಟರೆ ಮತ್ತೆ ಸಿಗುತ್ತಿರಲಿಲ್ಲ ಎಂದಾದರೂ ಹೇಳಿಕೊಳ್ಳುತ್ತಿದ್ದೆನೇನೋ. ಹುರುಳಿಲ್ಲದ ನೆಪವೇ, ಆದರೂ ಒಂದು ನೆಪ. ಇಲ್ಲಿ ನನ್ನ ಕೈಯಲ್ಲೇ ಗುಂಡಿಯಿತ್ತು. ಒತ್ತಿದ್ದರೆ ಆ ಪತ್ತೇದಾರ ಒಂದು ಗಂಟೆಯಲ್ಲ, ಒಂದು ವರ್ಷ ಬೇಕಾದರೂ ನಿಂತಲ್ಲೇ ನಿಂತಿರುತ್ತಿದ್ದ. ಸಾಯುವ ಮನುಷ್ಯ ಮಾತ್ರ ನಿಲ್ಲುವಂತಿರಲಿಲ್ಲ. ಮೇಲೆ ನಾನು ಹೊಗಳಿದ ಅನುಕೂಲವೇ ಆ ರಾತ್ರಿ ನನ್ನ ತಪ್ಪನ್ನು ಪೂರ್ತಿಯಾಗಿ ನನ್ನದನ್ನಾಗಿ ಮಾಡಿತು.

ಹಾಗಾದರೆ ಕೇಬಲ್ಲೇ ಇರಲಿ, ಕಾಲುವೆಯ ನೀರೇ ಸುಖ ಎನ್ನೋಣವೇ? ಖಂಡಿತ ಇಲ್ಲ. ತಪ್ಪು ಮಾಡುವ ಅವಕಾಶ ಕಡಿಮೆಯಾದ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗುವುದಿಲ್ಲ. ಗೂಟಕ್ಕೆ ಕಟ್ಟಿದ ಹಸು ಪಕ್ಕದ ಹೊಲ ಮೇಯಲಿಲ್ಲವೆಂದು ಯಾರೂ ಅದನ್ನು ಸಾಧು ಎಂದು ಹೊಗಳುವುದಿಲ್ಲ. ಆಯ್ಕೆ ಎಂಬುದು ಗುರಿಯ ಬಗ್ಗೆಯಲ್ಲ, ಗುರಿಗೆ ಕೊಂಡೊಯ್ಯುವ ದಾರಿಗಳ ಬಗ್ಗೆ ಎಂದು ಅಕ್ವಿನಾಸರು ಹೇಳುತ್ತಾರೆ. ಬಸ್ ನಿಲ್ದಾಣಕ್ಕೆ ಹೋಗಿ ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದವನಿಗೆ ಐವತ್ತು ಬಸ್ಸುಗಳಿದ್ದರೆ ಅನುಕೂಲವೋ ಅವಸ್ಥೆಯೋ? ಕಂಡಕ್ಟರ್ ಯಾರು ಜೋರಾಗಿ ಕೂಗುತ್ತಾನೋ ಆ ಬಸ್ಸು ಹತ್ತುತ್ತಾನೆ. ಟಿವಿ ಹಾಕಿಕೊಂಡು, ಏನು ನೋಡಲಿ ಎಂದು ಮುಕ್ಕಾಲು ಗಂಟೆ ಹುಡುಕಿ, ಕೊನೆಗೆ ಅದೇ ತೋರಿಸಿದ್ದನ್ನು ನೋಡುವ ನಾವು ಆ ಪ್ರಯಾಣಿಕನೇ ಅಲ್ಲವೇ?

ಆದ್ದರಿಂದ ಆ ಮನೆಗೆ ಹದಿನೈದು ದಿನ ಬಿಟ್ಟು ಮತ್ತೆ ಹೋದಾಗ ನಾನು ಹೇಳಿದ್ದು ಇಷ್ಟೆ. ಬದಲಾಯಿಸಿ. ಆದರೆ ಹಾಕುವ ಮೊದಲು ಏನು ನೋಡುವುದೆಂದು ಬಾಯಿಬಿಟ್ಟು ಹೇಳಿ ಹಾಕಿ. ತಾನಾಗಿ ಮುಂದುವರಿಯುವ ವ್ಯವಸ್ಥೆಯನ್ನು ಅನೇಕ ಕಡೆ ಒಳಗಿನ ಸೆಟ್ಟಿಂಗ್‌ನಲ್ಲಿ ಆರಿಸಬಹುದು. ಮಗಳು ಅದನ್ನು ನನ್ನ ಎದುರಿಗೇ ಆರಿಸಿದಳು, ಎರಡು ನಿಮಿಷದ ಕೆಲಸ. ಬೀಗದ ಸಂಖ್ಯೆಯನ್ನು ಅಪ್ಪ ಅಮ್ಮ ಇಬ್ಬರೇ ಹಾಕಿ. ಜಗದ್ಗುರು ಎರಡನೇ ಜಾನ್ ಪಾಲ್ 1994ರ ವಿಶ್ವ ಸಂಪರ್ಕ ದಿನಕ್ಕೆ ಟಿವಿ ಮತ್ತು ಕುಟುಂಬ ಎಂಬ ವಿಷಯವನ್ನೇ ಆರಿಸಿಕೊಂಡು, ತಂದೆತಾಯಿಗಳು ಮಕ್ಕಳೊಂದಿಗೆ ಕುಳಿತು ನೋಡಿದ್ದನ್ನು ಚರ್ಚಿಸಬೇಕು, ಕೆಲವೊಮ್ಮೆ ಸುಮ್ಮನೆ ಆರಿಸಿಬಿಡಬೇಕು ಎಂದಿದ್ದರು. ಅದು ನಮ್ಮ ಬೀದಿಗೆ ಕರಿ ತಂತಿ ಬಂದ ಕಾಲದ ಮಾತು. ಈಗ ನಾಲ್ಕು ಜನ ನಾಲ್ಕು ಕೋಣೆಯಲ್ಲಿ ನಾಲ್ಕು ಫೋನು ಹಿಡಿದು ನಾಲ್ಕು ಬಾವಿಯಿಂದ ಸೇದುತ್ತಿರುವಾಗ ಚರ್ಚಿಸುವುದು ಯಾರೊಂದಿಗೆ? ವಾರಕ್ಕೆ ಒಂದೆರಡು ದಿನವಾದರೂ ದೊಡ್ಡ ಪರದೆಯಲ್ಲಿ, ಹಜಾರದಲ್ಲಿ, ಒಟ್ಟಿಗೆ ನೋಡಿ ಎಂದೆ. "ಏನು ನೋಡೋದು ಅಂತ ಜಗಳ ಆಗುತ್ತೆ ಸ್ವಾಮಿ" ಎಂದಳು ಮಗಳು. ಆಗಲಿ, ಆ ಜಗಳ ಒಳ್ಳೆಯದು ಎಂದೆ. ಒಬ್ಬರಿಗಾಗಿ ಒಬ್ಬರು ಬಿಟ್ಟುಕೊಡುವುದನ್ನು ಮಕ್ಕಳು ಬೇರೆಲ್ಲಿ ಕಲಿಯಬೇಕು?

ಅಜ್ಜಿಯ ಪ್ರಶ್ನೆ ಉಳಿದಿತ್ತು. ಅವರಿಗೆ ಮೊಮ್ಮಗಳು ರಿಮೋಟಿನ ಒಂದು ಗುಂಡಿಗೆ ಉಗುರುಬಣ್ಣದ ಕೆಂಪು ಚುಕ್ಕೆ ಇಟ್ಟುಕೊಟ್ಟಿದ್ದಳು. ನಿಲ್ಲಿಸುವುದೂ ಅದೇ, ಹೊರಡಿಸುವುದೂ ಅದೇ.

ಕಳೆದ ತಿಂಗಳು ಒಂದು ಸಂಜೆ ಆ ದಾರಿಯಲ್ಲಿ ಬರುವಾಗ ಜಪಸರದ ದನಿ ಕೇಳಿಸಿತು, ಒಳಗೆ ಹೋಗಿ ಕೊನೆಯ ಎರಡು ದಶಕಗಳಿಗೆ ನಾನೂ ಮೊಣಕಾಲೂರಿದೆ. ಗೋಡೆಯ ಟಿವಿಯಲ್ಲಿ ಧಾರಾವಾಹಿಯ ಅತ್ತೆ ಸೊಸೆಯ ಕೆನ್ನೆಗೆ ಎತ್ತಿದ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತ್ತು. ಪ್ರಾರ್ಥನೆ ಮುಗಿದು ಶಿಲುಬೆಯ ಗುರುತು ಹಾಕಿಕೊಂಡ ಮೇಲೆ ಅಜ್ಜಿ ಪಕ್ಕದಲ್ಲಿಟ್ಟಿದ್ದ ರಿಮೋಟನ್ನು ಕೈಗೆತ್ತಿಕೊಂಡು, ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು.

"ಕೂತ್ಕೊಳ್ಳಿ ಸ್ವಾಮಿ. ಹೊಡೀತಾಳೋ ಇಲ್ವೋ ನೋಡ್ಕೊಂಡೇ ಹೋಗಿ."

ಕುಳಿತೆ.